ಸಹಬರಹಗಾರರ ಮನ್ನಣೆ ಒಂದು ಅಮಾನತ್ತು

(ಮಡಿಕೇರಿಯಲ್ಲಿ ಹವ್ಯಾಸಿ ಬರಹಗಾರ್ತಿಯರು ಸೇರಿದ್ದ ಕೂಟವೊಂದರಲ್ಲಿ, ಸಹಬರಹಗಾರ್ತಿಯರಿಂದ ಮನ್ನಣೆ ಸ್ವೀಕರಿಸಿದ ಸಹೋದರಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



 

ಭಾಷಣ ಮಾಡಿ ಅಭ್ಯಾಸವಿಲ್ಲದವಳು ನಾನು. ಆದುದರಿಂದ ಹೇಳಬೇಕಾದುದನ್ನು ಬರೆದುಕೊಂಡೇ ಬಂದಿದ್ದೇನೆ. ಇಂದು ತಾವು ನನಗೆ ಶಾಲು ಹೊದಿಸಲಿಲ್ಲ, ಹಾರ ಹಾಕಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಾನು ಬರೆದ ಹದಿನಾಲ್ಕು ಬರಹಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದರ ಕೆಳಗೂ ತಮ್ಮ ಅಭಿಪ್ರಾಯಗಳನ್ನು ಸ್ವಂತ ಕೈಬರಹದಲ್ಲಿ ಬರೆದು, ಹೊಲಿದು, ಪುಸ್ತಿಕೆಯಾಗಿಸಿ ಕೊಟ್ಟಿದ್ದೀರಿ. ಇದನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು. ನನ್ನಂತಹ ಒಬ್ಬ ಗೃಹಿಣಿಯ ಬರಹಗಳನ್ನು ಇಷ್ಟು ಜನರು ಕುಳಿತು ಓದಿದ್ದಾರೆ ಎಂಬುದೇ ನನ್ನನ್ನು ಕೃತಜ್ಞತೆಯಿಂದ ಮೂಕಳನ್ನಾಗಿಸಿದೆ.

ಆದರೆ ನಿಜ ಹೇಳುವುದಾದರೆ, ಈ ಸುದ್ದಿ ತಿಳಿದಾಗ ನನಗೆ ಮೊದಲು ಆದುದು ಸಂತೋಷವಲ್ಲ, ಭಯ. ನಾನು ಬರಹಗಾರ್ತಿಯೇ? ಅಡುಗೆ, ಮಕ್ಕಳು, ಸಂಜೆಯ ಮದ್ರಸಾದಲ್ಲಿ ಚಿಕ್ಕ ಹೆಣ್ಣುಮಕ್ಕಳಿಗೆ ಪಾಠ, ಇವುಗಳ ನಡುವೆ ಉಳಿದ ಅರ್ಧ ಗಂಟೆಯಲ್ಲಿ ಬರೆದುದನ್ನು ಸಾಹಿತ್ಯವೆನ್ನಬಹುದೇ? ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಓರ್ವ ಸತ್ಯವಿಶ್ವಾಸಿಯಾದವಳು ಜನರ ಹೊಗಳಿಕೆಯನ್ನು ವೇದಿಕೆಯೇರಿ ಸ್ವೀಕರಿಸುವುದು ಸರಿಯೇ? ಇದು ರಿಯಾ, ಅಂದರೆ ತೋರಿಕೆಯ ರೋಗಕ್ಕೆ ಬಾಗಿಲು ತೆರೆದಂತಾಗದೇ? ಈ ಎರಡು ಪ್ರಶ್ನೆಗಳೇ ನನ್ನ ಇಂದಿನ ಮಾತಿನ ವಿಷಯ. ಏಕೆಂದರೆ ಇವು ನನ್ನೊಬ್ಬಳ ಪ್ರಶ್ನೆಗಳಲ್ಲ. ಬರೆದು ಬಚ್ಚಿಡುತ್ತಿರುವ ನಮ್ಮ ನೂರಾರು ಹೆಣ್ಣುಮಕ್ಕಳ ಪ್ರಶ್ನೆಗಳು.

ಹೊಗಳಿಕೆ ಮತ್ತು ಮನ್ನಣೆ

ಮೊದಲು ಎರಡನೆಯ ಪ್ರಶ್ನೆಯನ್ನು ನೋಡೋಣ. ಮುಖಸ್ತುತಿ ಮಾಡುವವರ ಮುಖಕ್ಕೆ ಮಣ್ಣೆರಚಬೇಕೆಂಬ ಅರ್ಥದ ಕಟುವಾದ ಎಚ್ಚರಿಕೆಯನ್ನು ಪ್ರವಾದಿವರ್ಯರು(ಸ) ನೀಡಿದ್ದಾರೆ. ಕರ್ಮಗಳು ಸಂಕಲ್ಪಗಳನ್ನು ಅವಲಂಬಿಸಿವೆ ಎಂಬ ಪ್ರಸಿದ್ಧ ಹದೀಸ್ ನಮಗೆಲ್ಲ ಬಾಯಿಪಾಠವಿದೆ. ಹಾಗೆಂದು ಎಲ್ಲ ಮೆಚ್ಚುಗೆಯೂ ವರ್ಜ್ಯವೇ? ಓರ್ವನು ಅಲ್ಲಾಹನಿಗಾಗಿ ಒಳಿತನ್ನು ಮಾಡುತ್ತಾನೆ, ಜನರು ಅದಕ್ಕಾಗಿ ಅವನನ್ನು ಪ್ರಶಂಸಿಸುತ್ತಾರೆ, ಇದರ ಬಗ್ಗೆ ಏನೆನ್ನುತ್ತೀರಿ ಎಂದು ಪ್ರವಾದಿಯವರೊಡನೆ ಕೇಳಲಾದಾಗ, ಅದು ವಿಶ್ವಾಸಿಗೆ ಮುಂಗಡವಾಗಿ ದೊರೆಯುವ ಶುಭವಾರ್ತೆಯೆಂದು ಅವರು ತಿಳಿಸಿದ್ದಾಗಿ ಅಬೂದರ್ರ್(ರ)ರ ವರದಿಯಿದೆ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂಬ ಬೋಧನೆಯೂ ನಮ್ಮ ಮುಂದಿದೆ.

ಹಾಗಾದರೆ ಮುಖಸ್ತುತಿಗೂ ಮನ್ನಣೆಗೂ ವ್ಯತ್ಯಾಸವೇನು? ನನಗೆ ತಿಳಿದಂತೆ ವ್ಯತ್ಯಾಸ ಬಹಳ ಸರಳ. ಹೊಗಳುವವನಿಗೆ ನಿಮ್ಮ ಕೆಲಸವನ್ನು ನೋಡಬೇಕಾದ ಅಗತ್ಯವಿಲ್ಲ. ನಿಮ್ಮ ಸ್ಥಾನವನ್ನು ನೋಡಿದರೆ ಸಾಕು. ಮನ್ನಣೆ ನೀಡುವವನು ನಿಮ್ಮ ಕೆಲಸವನ್ನು ನೋಡಿರಲೇಬೇಕು. ಹೊಗಳಿಕೆಯಿಂದ ಕಣ್ಣು ಮಂಜಾಗುತ್ತದೆ. ಮನ್ನಣೆಯಿಂದ ಹೊಣೆ ಹೆಚ್ಚುತ್ತದೆ. ಪ್ರವಾದಿವರ್ಯರು(ಸ) ಕವಿ ಹಸ್ಸಾನ್ ಬಿನ್ ಸಾಬಿತ್(ರ)ರಿಗಾಗಿ ಮಸೀದಿಯಲ್ಲಿಯೇ ಮಿಂಬರ್ ಇರಿಸಿಕೊಟ್ಟರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಅದು ಓರ್ವ ಕವಿಯ ಅಹಂಕಾರವನ್ನು ತಣಿಸಲಿಕ್ಕಾಗಿರಲಿಲ್ಲ. ಅವರ ನಾಲಗೆಯ ಶಕ್ತಿಯನ್ನು ಗುರುತಿಸಿ, ಅದಕ್ಕೊಂದು ಹೊಣೆಯನ್ನು ವಹಿಸಲಿಕ್ಕಾಗಿತ್ತು.

ಸ್ತ್ರೀಯರ ಮಟ್ಟಿಗೆ ಇನ್ನೂ ಸುಂದರವಾದ ನಿದರ್ಶನವಿದೆ. ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಸಹಾಬಿ ಮಹಿಳೆ ಅಕ್ಷರ ಬಲ್ಲವರಾಗಿದ್ದರು. ಪ್ರವಾದಿಪತ್ನಿ ಹಫ್ಸಾ(ರ)ರಿಗೆ ಅವರು ಬರೆಯಲು ಕಲಿಸಿದ್ದರು. ಪ್ರವಾದಿಯವರು(ಸ) ಅದನ್ನು ಮೆಚ್ಚಿ ಉಲ್ಲೇಖಿಸಿ, ತಮಗೆ ತಿಳಿದಿರುವ ಚಿಕಿತ್ಸೆಯ ಕ್ರಮವನ್ನೂ ಆಕೆಗೆ ಕಲಿಸಬಾರದೇ ಎಂದು ಕೇಳಿದರೆಂದು ಅಬೂದಾವೂದ್‌ನಲ್ಲಿದೆ. ಮುಂದೆ ಏನಾಯಿತು? ಅಬೂಬಕರ್(ರ)ರ ಕಾಲದಲ್ಲಿ ಗ್ರಂಥರೂಪದಲ್ಲಿ ಒಟ್ಟುಗೂಡಿಸಲಾದ ಕುರ್‌ಆನ್ ಪ್ರತಿಯು ಉಮರ್(ರ)ರ ಬಳಿಕ ಅದೇ ಹಫ್ಸಾ(ರ)ರ ಸುಪರ್ದಿಯಲ್ಲಿತ್ತು. ಓರ್ವ ಮಹಿಳೆ ಇನ್ನೋರ್ವಳ ಕೈಗೆ ಲೇಖನಿ ಕೊಟ್ಟಳು. ಆ ಕೈಗಳಲ್ಲಿ ಅಲ್ಲಾಹನ ಗ್ರಂಥವು ಸುರಕ್ಷಿತವಾಗಿತ್ತು. ಹೆಣ್ಣಿಗೆ ಬರವಣಿಗೆ ಏಕೆ ಎಂದು ಕೇಳುವವರು ಈ ಇತಿಹಾಸಕ್ಕೆ ಉತ್ತರಿಸಬೇಕಾಗಿದೆ.

ನಮ್ಮ ಮಣ್ಣಿನ ಓರ್ವ ಲೇಖಕಿ

ಈಗ ಮೊದಲನೆಯ ಪ್ರಶ್ನೆ. ಬಿಡುವಿನಲ್ಲಿ, ಹಿಂಜರಿಯುತ್ತಾ ಬರೆಯುವವಳು ಬರಹಗಾರ್ತಿಯೇ? ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಾವು ಸೇರಿರುವ ಇದೇ ಮಡಿಕೇರಿಯಲ್ಲಿ 1912ರಲ್ಲಿ ಗೌರಮ್ಮ ಜನಿಸಿದರು. ಬಾಲ್ಯದಲ್ಲಿಯೇ ಮದುವೆಯಾಗಿ ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟಕ್ಕೆ ಹೋದರು. ಅವರ ಪತಿ ಅಲ್ಲಿ ವ್ಯವಸ್ಥಾಪಕರಾಗಿದ್ದರು. ಕಾಫಿ ತೋಟದ ನಡುವಿನ ಆ ಮನೆಯಲ್ಲಿ ಕುಳಿತು ಅವರು ಕತೆ ಬರೆದರು. ವಿಧವೆಯರ ಬದುಕು, ವರದಕ್ಷಿಣೆ, ಧರ್ಮದ ಗಡಿ ದಾಟಿದ ಪ್ರೇಮ ಮುಂತಾದ ವಿಷಯಗಳನ್ನು ಅಂದು ಓರ್ವ ಗೃಹಿಣಿ ಮುಟ್ಟುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಆದರೆ ಕತೆಗಳ ಕೆಳಗೆ ಅವರು ಹಾಕುತ್ತಿದ್ದ ಹೆಸರು ಗೌರಮ್ಮ ಎಂದಲ್ಲ. ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು, ಅಂದರೆ ಪತಿಯ ಹೆಸರಿನಲ್ಲಿ.

ಈ ತೋಟದ ಮನೆಯ ಹೆಣ್ಣುಮಗಳನ್ನು ಬರಹಗಾರ್ತಿಯೆಂದು ಗುರುತಿಸಿದವರು ಯಾರು? ಸರಕಾರವಲ್ಲ, ಅಕಾಡೆಮಿಯೂ ಅಲ್ಲ. ಆಗ ಅಕಾಡೆಮಿಗಳೇ ಇರಲಿಲ್ಲ. ಅವರನ್ನು ಗುರುತಿಸಿದವರು ಸಹಬರಹಗಾರರು. ದ.ರಾ. ಬೇಂದ್ರೆಯವರು ಅವರನ್ನು ತಂಗಿಯೆಂದೇ ಬಗೆದರು. ದ.ಬಾ. ಕುಲಕರ್ಣಿಯವರು ಅವರ ಆತ್ಮೀಯ ಓದುಗರಾದರು. ಪತ್ರ ಬರೆಯುವ, ಹೊಸ ಕತೆಯೇನೆಂದು ವಿಚಾರಿಸುವ ಇಂತಹ ಕೆಲವರ ಬಲದ ಮೇಲೆ ಓರ್ವ ತರುಣಿ ತನ್ನ ಅತ್ಯಲ್ಪ ಆಯುಷ್ಯದಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಕತೆಗಳನ್ನು ಬರೆದರು. 1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜುವಾಗ ಮುಳುಗಿ ಅವರು ತೀರಿಕೊಂಡಾಗ ವಯಸ್ಸು ಕೇವಲ 27. ‘ಕಂಬನಿ’ ಮತ್ತು ‘ಚಿಗುರು’ ಎಂಬ ಎರಡು ಸಂಕಲನಗಳು ಉಳಿದವು. ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವನ ಬರೆದರು. ಕುಲಕರ್ಣಿಯವರು ‘ನಾ ಕಂಡ ಗೌರಮ್ಮ’ ಬರೆದರು. ಪತಿಯ ಹೆಸರಿನ ಹಿಂದೆ ನಿಂತಿದ್ದಾಕೆಯನ್ನು ಆಕೆಯ ಸ್ವಂತ ಹೆಸರಿನಿಂದ, ಅದರ ಜೊತೆಗೆ ನಮ್ಮ ನಾಡಿನ ಹೆಸರನ್ನೂ ಸೇರಿಸಿ, ಇಂದು ಕನ್ನಡ ಲೋಕ ‘ಕೊಡಗಿನ ಗೌರಮ್ಮ’ ಎಂದು ಕರೆಯುತ್ತಿದೆ. ಕೊಡಗಿನ ಲೇಖಕಿಯರಿಗೆ ಅವರ ಹೆಸರಿನಲ್ಲಿ ದತ್ತಿ ಪ್ರಶಸ್ತಿಯನ್ನೂ ನೀಡಲಾಗುತ್ತಿದೆ.

ಗೌರಮ್ಮನವರು ವೃತ್ತಿಪರ ಸಾಹಿತಿಯಾಗಿರಲಿಲ್ಲ. ಮನೆವಾರ್ತೆಯ ನಡುವೆಯೇ ಬರೆದರು. ಆದುದರಿಂದ ಬಿಡುವಿನ ವೇಳೆಯಲ್ಲಿ ಬರೆಯುವುದು ಒಂದು ಕೊರತೆಯೆಂದು ನಾವು ಭಾವಿಸಬೇಕಾಗಿಲ್ಲ. ಬರೆದುದನ್ನು ಓದುವ ಒಬ್ಬ ಸಹಬರಹಗಾರನೂ ಇಲ್ಲದಿರುವುದೇ ನಿಜವಾದ ಕೊರತೆ.

ತಡವಾಗಿ ತೆರೆದ ಬಾಗಿಲು

ನಮ್ಮ ಸಮುದಾಯದ ಅನುಭವವನ್ನು ಈ ಬೆಳಕಿನಲ್ಲಿ ನೋಡೋಣ. ಕಾಸರಗೋಡಿನ ಚಂದ್ರಗಿರಿಯ ಮಗಳು ಸಾರಾ ಅಬೂಬಕ್ಕರ್ 1936ರಲ್ಲಿ ಜನಿಸಿದರು. ಓದುವ ಹಂಬಲ ಅಪಾರವಾಗಿತ್ತು. ಆದರೆ ಶಾಲೆ ಮುಗಿಯುತ್ತಲೇ ಮದುವೆ. ಒಂದು ಗ್ರಂಥಾಲಯದ ಸದಸ್ಯತ್ವ ಪಡೆಯಲು ಅವರಿಗೆ ಸಾಧ್ಯವಾದುದು 1963ರಲ್ಲಿ. ಅವರ ಪ್ರಥಮ ಲೇಖನ ಪ್ರಕಟವಾದುದು 1981ರಲ್ಲಿ, ‘ಲಂಕೇಶ್ ಪತ್ರಿಕೆ’ಯಲ್ಲಿ. ಅದರ ವಿಷಯ ಕೋಮು ಸೌಹಾರ್ದ. ಗ್ರಂಥಾಲಯದ ಬಾಗಿಲಿನಿಂದ ಪತ್ರಿಕೆಯ ಪುಟದವರೆಗೆ ಹದಿನೆಂಟು ವರ್ಷಗಳ ದಾರಿ! ಆದರೆ ಓರ್ವ ಬರಹಗಾರ ಸಂಪಾದಕನು ಆ ಗೃಹಿಣಿಯ ಲೇಖನವನ್ನು ಓದಿ ಪ್ರಕಟಿಸಿದ ಬಳಿಕ ಕೆಲವೇ ವರ್ಷಗಳಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಪುಸ್ತಕವಾಗಿ ಹೊರಬಂತು. 2023ರ ಜನವರಿಯಲ್ಲಿ ಸಾರಾ ನಮ್ಮನ್ನಗಲಿದಾಗ ಕನ್ನಡ ನಾಡು ಓರ್ವ ಹಿರಿಯ ಲೇಖಕಿಗಾಗಿ ಕಂಬನಿ ಮಿಡಿಯಿತು. ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಆ ಹದಿನೆಂಟು ವರ್ಷಗಳಲ್ಲಿ ನಾವು ಅವರಲ್ಲಿ ಏನು ಓದುತ್ತೀರಿ, ಏನು ಬರೆಯುತ್ತೀರಿ ಎಂದು ಕೇಳಿದ್ದೆವೇ ಎಂಬುದನ್ನು ನಮ್ಮೊಡನೆ ನಾವೇ ಪ್ರಶ್ನಿಸಿಕೊಳ್ಳಬೇಕು.

ಹಾಸನದ ಬಾನು ಮುಷ್ತಾಕ್‌ರ ಕತೆಯೂ ಹೀಗೆಯೇ. ಮನೆಮಾತು ದಖನಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರುವಾಗ, ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕೆಂಬ ಷರತ್ತನ್ನು ಹಾಕಲಾಗಿತ್ತು. ಆ ಬಾಲಕಿ ಷರತ್ತನ್ನು ಗೆದ್ದಳು. ಮುಂದೆ ಪತ್ರಕರ್ತೆಯಾಗಿ, ವಕೀಲೆಯಾಗಿ, ಕತೆಗಾರ್ತಿಯಾಗಿ ಬೆಳೆದಳು. 2000ದಲ್ಲಿ, ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆಯೆಂದು ಹೇಳಿದುದಕ್ಕಾಗಿ ಅವರ ಕುಟುಂಬವು ಮೂರು ತಿಂಗಳ ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಬೇಕಾಯಿತು. ಅಲ್ಲಾಹನ ದಾಸಿಯರನ್ನು ಮಸೀದಿಗಳಿಂದ ತಡೆಯಬೇಡಿರೆಂಬ ಪ್ರವಾದಿ ಬೋಧನೆಯಿರುವ ಸಮುದಾಯದಲ್ಲಿ ಇದು ನಡೆಯಿತೆಂಬುದು ನೋವಿನ ವಿಷಯ. ಭಿನ್ನಾಭಿಪ್ರಾಯವಿದ್ದರೆ ಲೇಖನಕ್ಕೆ ಲೇಖನದಿಂದ, ಮಾತಿಗೆ ಮಾತಿನಿಂದ ಉತ್ತರ ನೀಡಬಹುದಿತ್ತು. ಬಹಿಷ್ಕಾರವು ಉತ್ತರವಲ್ಲ. ಅದು ಉತ್ತರವಿಲ್ಲದವರ ಮೌನ.

ಇತ್ತ ಸಹಬರಹಗಾರರು ಏನು ಮಾಡಿದರು? ಅವರನ್ನು ಓದಿದರು. 1999ರಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ‘ಕರಿನಾಗರಗಳು’ ಕತೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು ‘ಹಸೀನಾ’ ಚಿತ್ರವನ್ನು 2004ರಲ್ಲಿ ನಿರ್ದೇಶಿಸಿದರು. ನಂತರ ನಮ್ಮ ಮಡಿಕೇರಿಯವರೇ ಆದ ದೀಪಾ ಭಸ್ತಿಯವರು ಅವರ ಹನ್ನೆರಡು ಕತೆಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ‘ಹಾರ್ಟ್ ಲ್ಯಾಂಪ್’ ಎಂಬ ಆ ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಕನ್ನಡಕ್ಕೆ ಅದು ಮೊದಲ ಬಾರಿ ಬಂತು. ಸಣ್ಣಕತೆಗಳ ಸಂಕಲನವೊಂದಕ್ಕೂ ಅದು ಮೊದಲ ಬಾರಿ ಬಂತು. 50,000 ಪೌಂಡುಗಳ ಆ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿಗೆ ಸಮಾನವಾಗಿ ಹಂಚಲಾಗುತ್ತದೆ. ಆ ಪ್ರಶಸ್ತಿಯ ನಿಯಮವೇ ಹಾಗಿದೆ.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಬಾನು ಅವರ ಕತೆಗಳಿಗೆ ಮುನ್ನ ದೀಪಾ ಭಸ್ತಿಯವರು ಹೊರತಂದಿದ್ದ ಅನುವಾದಗಳಲ್ಲಿ ಕೊಡಗಿನ ಗೌರಮ್ಮನವರ ಕತೆಗಳೂ ಇದ್ದವು. ಆ ಸಂಕಲನ ಪ್ರಕಟವಾದುದು 2023ರಲ್ಲಿ, ಅಂದರೆ ಗೌರಮ್ಮ ತೀರಿಕೊಂಡ 84 ವರ್ಷಗಳ ಬಳಿಕ. ಸುಂಟಿಕೊಪ್ಪದ ತೋಟದ ಮನೆಯ ಓರ್ವ ಹಿಂದೂ ಗೃಹಿಣಿ, ಹಾಸನದ ಓರ್ವ ಮುಸ್ಲಿಮ್ ವಕೀಲೆ, ಇವರಿಬ್ಬರ ನಡುವೆ ಮಡಿಕೇರಿಯ ಓರ್ವ ಅನುವಾದಕಿ. ಈ ಮೂವರನ್ನು ಜೋಡಿಸಿದ ದಾರ ಜಾತಿಯದ್ದಲ್ಲ, ಪಕ್ಷದ್ದಲ್ಲ. ಓದಿನದ್ದು. ಓರ್ವಳು ಬರೆದುದನ್ನು ಇನ್ನೋರ್ವಳು ಗಂಭೀರವಾಗಿ ಓದಿದಳು, ಅಷ್ಟೇ.

ಕನ್ನಡ ಯಾರದು?

ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್‌ರನ್ನು ಸರಕಾರವು ಆಮಂತ್ರಿಸಿದಾಗ ಎದ್ದ ಕೋಲಾಹಲವನ್ನು ನಾವೆಲ್ಲ ಕಂಡಿದ್ದೇವೆ. ಅರ್ಜಿಗಳು ಉಚ್ಚ ನ್ಯಾಯಾಲಯಕ್ಕೆ ಹೋದವು. 2025ರ ಸೆಪ್ಟೆಂಬರ್ 15ರಂದು ವಜಾಗೊಂಡವು. ಸುಪ್ರೀಮ್ ಕೋರ್ಟ್ ಕೂಡ ಸೆಪ್ಟೆಂಬರ್ 19ರಂದು ಮೇಲ್ಮನವಿಯನ್ನು ತಳ್ಳಿಹಾಕಿತು. ಸೆಪ್ಟೆಂಬರ್ 22ರಂದು ಉದ್ಘಾಟನೆ ನಡೆಯಿತು. ಅಂತಹ ಕಾರ್ಯಕ್ರಮದ ಧಾರ್ಮಿಕ ಸ್ವರೂಪದ ಬಗ್ಗೆ ನಮ್ಮೊಳಗೂ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಆದರೆ ಅಂದು ಬೀದಿಯಲ್ಲಿ ಎತ್ತಲಾದ ಪ್ರಶ್ನೆ ಅದೊಂದೇ ಆಗಿರಲಿಲ್ಲ. ಮುಸ್ಲಿಮಳೊಬ್ಬಳು ಕನ್ನಡದ ಪ್ರತಿನಿಧಿಯಾಗಬಲ್ಲಳೇ ಎಂಬ ಸಂಶಯವೂ ಅದರೊಳಗೆ ಅಡಗಿತ್ತು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಇದೇ ದಸರಾವನ್ನು ಉದ್ಘಾಟಿಸಿದ್ದರೆಂಬುದು ಎಂಟೇ ವರ್ಷಗಳಲ್ಲಿ ಅನೇಕರಿಗೆ ಮರೆತುಹೋಗಿತ್ತು.

ಈ ಸಂಶಯಕ್ಕೆ ಕನ್ನಡದ ಬರಹಗಾರರು ಎಂದೋ ಉತ್ತರಿಸಿದ್ದಾರೆ. ನನ್ನ ಮನೆಮಾತು ಮಲಯಾಳ. ಮದ್ರಸಾದಲ್ಲಿ ನಾನು ಕಲಿತ ಲಿಪಿ ಅರಬಿ-ಮಲಯಾಳ. ನೆರೆಮನೆಯವರು ಮಾತನಾಡುವುದು ಕೊಡವ ತಕ್ಕ್. ಕನ್ನಡ ನನಗೆ ಶಾಲೆಯಲ್ಲಿ ದೊರೆತ ಭಾಷೆ. ಕೊಡಗಿನಲ್ಲಿ ಹೀಗೆ ಬೆಳೆದವರು ಅನೇಕರು. ಕೊಡವರಿಗೂ, ತುಳುವರಿಗೂ, ಬ್ಯಾರಿಗಳಿಗೂ, ನಮಗೂ ಕನ್ನಡ ಸಮಾನವಾದ ಅಂಗಳ. 2014ರ ಜನವರಿಯಲ್ಲಿ ಇದೇ ಮಡಿಕೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿದ್ದವರು ನಾ. ಡಿಸೋಜ. ಮನೆಯಲ್ಲಿ ಕೊಂಕಣಿ, ಬರವಣಿಗೆಯಲ್ಲಿ ಕನ್ನಡ. ಒಂದು ಭಾಷೆಯಲ್ಲಿ ನಮ್ಮ ಸ್ಥಾನವನ್ನು ನಿರ್ಧರಿಸುವುದು ಬೀದಿಯ ಘೋಷಣೆಗಳಲ್ಲ. ಆ ಭಾಷೆಯಲ್ಲಿ ನಾವು ಬರೆಯುವ ಬರಹಗಳು ಮತ್ತು ಅದನ್ನು ಓದುವ ಸಹಬರಹಗಾರರು. ಇಂದು ಈ ಪುಸ್ತಿಕೆಯ ಪುಟಗಳಲ್ಲಿ ನನಗೆ ಸಿಕ್ಕಿರುವುದು ಅಂತಹ ಒಂದು ಸ್ಥಾನ.

ನನ್ನ ಅನುಭವದಿಂದ ಎರಡು ಮಾತು

ಈಗ ನನ್ನ ವಿಷಯಕ್ಕೆ ಬರುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದು ಸಾವಿರಾರು ಜನರು ಮನೆ ತೊರೆದಾಗ, ನಾನು ಇತರ ಸಹೋದರಿಯರೊಂದಿಗೆ ಒಂದು ಪರಿಹಾರ ಕೇಂದ್ರದ ಅಡುಗೆ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಕಂಡುದನ್ನು ಮಗನ ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟೆ. ಅದೇ ನನ್ನ ಮೊದಲ ಬರಹ. ಅದು ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಕೆಳಗೆ ಇದ್ದ ಹೆಸರು ‘ಓರ್ವ ಸಹೋದರಿ, ಕೊಡಗು’ ಎಂದು. ಮುಂದಿನ ಹದಿಮೂರೂ ಅದೇ ಹೆಸರಿನಲ್ಲಿ ಬಂದವು. ಇದನ್ನು ವಿನಯವೆಂದು ನಾನು ನಂಬಿದ್ದೆ. ಈಗ ನೋಡಿದರೆ ಅದರಲ್ಲಿ ವಿನಯ ಕಡಿಮೆ, ಭಯವೇ ಹೆಚ್ಚು. ನಮ್ಮ ಬಂಧುಗಳಲ್ಲೊಬ್ಬರು, ಮನೆಯ ಹೆಣ್ಣುಮಕ್ಕಳ ಮಾತು ಪತ್ರಿಕೆಗೆ ಹೋಗುವುದೇ ಎಂದು ಒಮ್ಮೆ ಕೇಳಿದ್ದರು. ಅಷ್ಟಕ್ಕೇ ನಾನು ಎರಡು ವರ್ಷ ಬರೆಯುವುದನ್ನು ನಿಲ್ಲಿಸಿದ್ದೆ.

ಆ ಎರಡು ವರ್ಷಗಳಲ್ಲಿ ಒಂದು ಘಟನೆ ನಡೆಯಿತು. ನನಗೆ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದ ಶಿಕ್ಷಕಿ ತೀರಿಕೊಂಡರು. ಅಕ್ಷರ ತಿದ್ದುವಾಗ ನನ್ನ ಕೈಯನ್ನು ಹಿಡಿದು ಬರೆಸಿದವರು ಅವರು. ಅವರ ಮನೆಗೆ ಹೋದಾಗ ಮಗಳು ಹೇಳಿದರು, ಅಮ್ಮ ಕೊನೆಯ ದಿನಗಳಲ್ಲಿ ಪತ್ರಿಕೆಯಲ್ಲಿ ಬಂದ ಪ್ರವಾಹದ ಬರಹವೊಂದನ್ನು ಎರಡು ಬಾರಿ ಓದಿಸಿಕೊಂಡರು, ನಮ್ಮ ಕಡೆಯ ಯಾವುದೋ ಹುಡುಗಿ ಬರೆದಿದ್ದಾಳೆ, ಚೆನ್ನಾಗಿ ಬರೆದಿದ್ದಾಳೆ ಎಂದರು ಎಂದು. ಅದು ನಾನೇ ಎಂದು ಅವರಿಗೆ ತಿಳಿಯಲಿಲ್ಲ. ಅವರಿಗೆ ಸಲ್ಲಬೇಕಾಗಿದ್ದ ಕೃತಜ್ಞತೆಯನ್ನು ನನ್ನ ಹಿಂಜರಿಕೆಯು ತಡೆಹಿಡಿದಿತ್ತು. ಹೆಸರು ಮರೆಮಾಚುವುದರಿಂದ ನಷ್ಟವಾಗುವುದು ನಮಗೆ ಮಾತ್ರವಲ್ಲವೆಂದು ನನಗೆ ಅಂದು ಅರಿವಾಯಿತು.

ಮರಳಿ ಬರೆಯಲು ಕಾರಣವಾದುದು ಒಂದು ಅಂಚೆ ಕಾರ್ಡು. ಈ ಕೂಟದಲ್ಲಿರುವ ಸಹೋದರಿಯೊಬ್ಬರು ಪತ್ರಿಕೆಯ ಮೂಲಕ ‘ಓರ್ವ ಸಹೋದರಿ’ಗೆ ಬರೆದಿದ್ದರು. ಅದರಲ್ಲಿ ಎರಡೇ ವಿಷಯಗಳಿದ್ದವು. ನಿಮ್ಮ ಬರಹಗಳನ್ನು ಓದಿದ್ದೇನೆ, ಎರಡು ವರ್ಷಗಳಿಂದ ಏಕೆ ಕಾಣುತ್ತಿಲ್ಲ ಎಂದು. ಯಾರೋ ಒಬ್ಬರು ನನ್ನ ಮೌನವನ್ನು ಲೆಕ್ಕ ಹಾಕಿದ್ದರು! ದೊಡ್ಡ ಪ್ರಶಸ್ತಿಗಳು ಬರಹಗಾರನಿಗೆ ಕೀರ್ತಿ ತರುತ್ತವೆ. ಆದರೆ ಅವು ತಡವಾಗಿ ಬರುತ್ತವೆ. ಬರೆಯುವುದನ್ನು ಬಿಟ್ಟವರಿಗಂತೂ ಬರುವುದೇ ಇಲ್ಲ. ಇಂತಹ ಒಂದು ಕಾರ್ಡು ಸಕಾಲದಲ್ಲಿ ಬಂದರೆ ಬಿಟ್ಟ ಲೇಖನಿಯನ್ನು ಮರಳಿ ಕೈಗೆತ್ತಿಕೊಳ್ಳಲು ಸಾಕಾಗುತ್ತದೆ.

ಈ ಪುಸ್ತಿಕೆಯಲ್ಲಿಯೂ ಎಲ್ಲವೂ ಪ್ರಶಂಸೆಯಲ್ಲ. ಪರಿಹಾರ ಕೇಂದ್ರದ ಆ ಮೊದಲ ಬರಹದ ಕೆಳಗೆ ಒಬ್ಬ ಸಹೋದರಿ ಬರೆದ ಟಿಪ್ಪಣಿಯ ಸಾರಾಂಶ ಹೀಗಿದೆ: ಈ ಬರಹದಲ್ಲಿ ಅನ್ನ ಬಡಿಸಿದವರ ಕೈಗಳು ಕಾಣುತ್ತವೆ, ತಟ್ಟೆ ಹಿಡಿದು ನಿಂತವರ ಮುಖಗಳು ಕಾಣುವುದಿಲ್ಲ. ಓದಿ ನನಗೆ ನಾಚಿಕೆಯಾಯಿತು. ಟಿಪ್ಪಣಿ ಬರೆದವರ ಮನೆ ಆ ಮಳೆಯಲ್ಲಿ ಮಣ್ಣು ಪಾಲಾಗಿತ್ತೆಂದು ನನಗೆ ಇಂದಷ್ಟೇ ತಿಳಿಯಿತು. ನಾವು ಮಾಡಿದ ಸೇವೆಯ ಬಗ್ಗೆ ಬರೆಯುತ್ತಾ, ನಾನು ಸಮುದಾಯಕ್ಕೆ ಒಂದು ಪ್ರಶಂಸಾಪತ್ರ ಬರೆದುಕೊಂಡಿದ್ದೆ. ನಾನು ಯಾವ ರಿಯಾದ ಬಗ್ಗೆ ಇಂದು ಹೆದರುತ್ತಿದ್ದೆನೋ ಅದು ಈ ವೇದಿಕೆಯಲ್ಲಿರಲಿಲ್ಲ. ಅದು ನನ್ನ ಮೊದಲ ಬರಹದಲ್ಲಿಯೇ ಕುಳಿತಿತ್ತು. ಅದನ್ನು ನನಗೆ ತೋರಿಸಿಕೊಟ್ಟವರು ಓರ್ವ ಸಹಬರಹಗಾರ್ತಿ. ಇದಕ್ಕಿಂತ ದೊಡ್ಡ ಉಡುಗೊರೆ ಬೇರೇನಿದೆ? ಸತ್ಯವಿಶ್ವಾಸಿಯು ಸತ್ಯವಿಶ್ವಾಸಿಗೆ ಕನ್ನಡಿಯೆಂದು ನಾವು ಕಲಿತಿದ್ದೇವೆ. ಈ ಸಹೋದರಿ ನನ್ನ ಧರ್ಮದವರಲ್ಲ. ಆದರೂ ನನಗೆ ಕನ್ನಡಿಯಾದರು.

ಸಮುದಾಯದೊಡನೆ ಒಂದು ವಿನಂತಿ

ನಮ್ಮ ಸಮುದಾಯದಲ್ಲಿ ಸನ್ಮಾನಗಳಿಗೆ ಕೊರತೆಯಿಲ್ಲ. ದಾನಿಗಳನ್ನು ಸನ್ಮಾನಿಸುತ್ತೇವೆ. ಚುನಾವಣೆಯಲ್ಲಿ ಗೆದ್ದವರನ್ನು ಸನ್ಮಾನಿಸುತ್ತೇವೆ, ಅವರು ಗೆದ್ದ ಮರುದಿನವೇ. ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆಯುತ್ತೇವೆ. ಒಳ್ಳೆಯದೇ. ಆದರೆ ಆ ಮಕ್ಕಳಲ್ಲಿ ಒಬ್ಬಳನ್ನಾದರೂ ನಿಲ್ಲಿಸಿ, ನೀನು ಏನನ್ನಾದರೂ ಬರೆಯುತ್ತಿದ್ದೀಯಾ, ನಮಗೆ ಓದಲು ಕೊಡುವೆಯಾ ಎಂದು ಕೇಳಿದ್ದೇವೆಯೇ? ಮದುವೆಯಾಗಿ ಹೋದ ನಂತರ ಆಕೆಯ ನೋಟುಪುಸ್ತಕಗಳು ಎಲ್ಲಿ ಹೋದವು ಎಂದು ವಿಚಾರಿಸಿದ್ದೇವೆಯೇ? ಓದುವುದರ ಕುರಿತೂ ಲೇಖನಿಯ ಮೂಲಕ ಕಲಿಸಲಾದ ಜ್ಞಾನದ ಕುರಿತೂ ಹೇಳುತ್ತಾ ಆರಂಭವಾದ ದಿವ್ಯವಾಣಿಯ ಅನುಯಾಯಿಗಳು ನಾವು. ಲೇಖನಿ ಹಿಡಿದವಳು ನಮ್ಮ ನಡುವೆ ಅಪರಿಚಿತಳಾಗಿ ಬದುಕುವಂತಾಗಬಾರದು.

ಇದಕ್ಕೆ ಬಹಳ ಹಣವೇನೂ ಬೇಕಾಗಿಲ್ಲ. ಪ್ರತಿಯೊಂದು ಜಮಾಅತ್ತಿನಲ್ಲಿಯೂ ಒಂದು ಕಪಾಟು ಕನ್ನಡ ಪುಸ್ತಕಗಳಿರಲಿ. ಅದನ್ನು ತೆರೆಯುವ ಸಮಯ ಹೆಣ್ಣುಮಕ್ಕಳಿಗೂ ಅನುಕೂಲವಾಗುವಂತಿರಲಿ. ಮದ್ರಸಾದ ವಾರ್ಷಿಕೋತ್ಸವದಲ್ಲಿ ಭಾಷಣ ಸ್ಪರ್ಧೆಯೊಂದಿಗೆ ಮಕ್ಕಳು ತಾವೇ ಬರೆದುದನ್ನು ಓದುವ ಅವಕಾಶವೂ ಇರಲಿ. ಪತ್ರಿಕೆಯಲ್ಲಿ ನಮ್ಮೂರಿನವರ ಬರಹ ಕಂಡರೆ ಓದಿ, ನಾಲ್ಕು ಸಾಲು ಬರೆದು ಕಳುಹಿಸೋಣ. ಒಪ್ಪಿಗೆಯಾಗದಿದ್ದರೆ ಅದನ್ನೂ ಬರೆಯೋಣ. ನಮ್ಮ ಓದು ನಮ್ಮವರ ಬರಹಗಳಿಗೇ ಸೀಮಿತವಾಗದಿರಲಿ. ನಮ್ಮನ್ನು ಇತರರು ಓದಬೇಕೆಂದು ಬಯಸುವ ನಾವು ಇತರರನ್ನು ಓದದಿದ್ದರೆ ಅದು ನ್ಯಾಯವಲ್ಲ.

ಸಹೋದರಿಯರೇ, ಮನ್ನಣೆಯೆಂಬುದು ಒಂದು ಅಮಾನತ್ತು. ಅದನ್ನು ಇಟ್ಟುಕೊಳ್ಳುವಂತಿಲ್ಲ. ಹಸ್ತಾಂತರಿಸಬೇಕು. ನನಗೆ ಬಂದ ಆ ಅಂಚೆ ಕಾರ್ಡಿನ ಋಣವನ್ನು ಅದನ್ನು ಬರೆದವರಿಗೆ ನಾನು ತೀರಿಸಲಾರೆ. ಇನ್ನೊಬ್ಬಳಿಗೆ ಅಂತಹದೊಂದು ಕಾರ್ಡು ಬರೆದು ಮಾತ್ರ ತೀರಿಸಬಹುದು. ನನ್ನ ಮದ್ರಸಾದಲ್ಲಿ ಹನ್ನೊಂದು ವರ್ಷದ ಒಂದು ಹುಡುಗಿಯಿದ್ದಾಳೆ. ಪಾಠದ ಪುಸ್ತಕದ ಕೊನೆಯ ಪುಟಗಳಲ್ಲಿ ಏನನ್ನೋ ಬರೆಯುತ್ತಾಳೆ, ನಾನು ಹತ್ತಿರ ಹೋದರೆ ಕೈಯಿಂದ ಮುಚ್ಚುತ್ತಾಳೆ. ಇದುವರೆಗೆ ಪಾಠದತ್ತ ಗಮನ ಕೊಡೆಂದು ಗದರಿದ್ದೆ. ನಾಳೆ ಅವಳಲ್ಲಿ, ಓದಲು ಕೊಡುವೆಯಾ ಎಂದು ಕೇಳುವೆನು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇಂದು ಈ ವೇದಿಕೆಗೆ ನನ್ನನ್ನು ತಾವು ನನ್ನ ಹೆಸರು ಹಿಡಿದೇ ಕರೆದಿರಿ. ಆ ಕ್ಷಣದಲ್ಲಿ ನನಗೆ ಭಯವಾಯಿತೇ ಎಂದು ಕೇಳಿದರೆ, ಆಯಿತು. ಆದರೂ ಎದ್ದು ಬಂದೆ. ಪರಿಹಾರ ಕೇಂದ್ರದ ಆ ಬರಹವನ್ನು ನಾನು ಮತ್ತೊಮ್ಮೆ ಬರೆಯಲಿದ್ದೇನೆ, ಈ ಸಲ ತಟ್ಟೆ ಹಿಡಿದು ನಿಂತವರ ಕಡೆಯಿಂದ, ಅವರನ್ನು ಕೇಳಿಕೊಂಡು. ಅದರ ಕೆಳಗೆ ‘ಓರ್ವ ಸಹೋದರಿ’ ಎಂದು ಇರುವುದಿಲ್ಲ. ನನ್ನ ಹೆಸರಿರುತ್ತದೆ.

ನಮ್ಮ ಸಂಕಲ್ಪಗಳನ್ನು ಅಲ್ಲಾಹನು ಶುದ್ಧಗೊಳಿಸಲಿ, ನಮ್ಮ ಲೇಖನಿಗಳನ್ನು ಸತ್ಯಕ್ಕೂ ನ್ಯಾಯಕ್ಕೂ ಸೌಹಾರ್ದಕ್ಕೂ ಸಾಧನವಾಗಿಸಲಿ.